ಜರ್ಮನಿಯ ಕೆಂಪು ದ್ರಾಕ್ಷಾಮದ್ಯ

ಜರ್ಮನಿಯ ದ್ರಾಕ್ಷಾಮದ್ಯವೆಂದರೆ ಬಿಳಿಯದೇ ಎಂಬ ಭಾವನೆ ಲೋಕದಲ್ಲಿ ಬಹುಕಾಲ ಬೇರೂರಿತ್ತು. ಹೋಖ್‌ಹೈಮ್ ಎಂಬ ಊರಿನ ಹೆಸರನ್ನು ಮೊಟಕುಮಾಡಿ ಆಂಗ್ಲರು ರೈನ್ ತೀರದ ಬಿಳಿಯ ಮದ್ಯಕ್ಕೆಲ್ಲ ‘ಹಾಕ್’ ಎಂದು ಕರೆದರು. ಆ ದೇಶದಲ್ಲಿ ಕೆಂಪು ಮದ್ಯವೂ ಉಂಟೆಂದು ನೆನೆದವರು ವಿರಳ. ನೆನೆದವರೂ ಅದು ತೆಳುವಾದ, ಬಣ್ಣಗೆಟ್ಟ ಸಿಹಿನೀರೆಂದು ನಕ್ಕುಬಿಡುತ್ತಿದ್ದರು. ಈ ಅಪಕೀರ್ತಿ ನ್ಯಾಯವಾದುದೆ? ಕೆಲಮಟ್ಟಿಗೆ ಹೌದು, ಆದರೆ ದೋಷ ಬಳ್ಳಿಯದಲ್ಲ.

ಬಳ್ಳಿ ಕುಲೀನವಾದುದು. ಫ್ರಾನ್ಸಿನ ಬರ್ಗಂಡಿ ಪ್ರಾಂತಕ್ಕೆ ಕೀರ್ತಿ ತಂದ ಪೀನೋ ನ್ವಾರ್ ತಳಿಯನ್ನೇ ಜರ್ಮನರು ‘ಷ್ಪೇಟ್‌ಬುರ್ಗುಂಡರ್’ ಎನ್ನುತ್ತಾರೆ. ಕ್ರಿ.ಶ. 884ರಲ್ಲಿ ಚಕ್ರವರ್ತಿ ಮೂರನೆಯ ಚಾರ್ಲ್ಸನು ಇದನ್ನು ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ನೆಡಿಸಿದನೆಂದು ಐತಿಹ್ಯ. ಐತಿಹ್ಯ ಹಾಗಿರಲಿ, ಬರ್ಗಂಡಿಯಲ್ಲಿ ಹುಟ್ಟಿದ ಸಿಸ್ಟರ್ಷಿಯನ್ ಪಂಥದ ಸನ್ಯಾಸಿಗಳು 1136ರಲ್ಲಿ ರೈನ್ ಸೀಮೆಯ ಎಬರ್‌ಬಾಖ್‌ನಲ್ಲಿ ಮಠ ಕಟ್ಟಿ, ದ್ರಾಕ್ಷಿಯ ಕೃಷಿಯನ್ನೇ ತಪಸ್ಸೆಂಬಂತೆ ನಡೆಸಿದರೆಂಬುದು ಇತಿಹಾಸ. ಅದೇ ಸೀಮೆಯ ಅಸ್‌ಮನ್ಸ್‌ಹೌಸನ್ನಿನ ಕೆಂಪು ಮದ್ಯ ಹತ್ತೊಂಬತ್ತನೆಯ ಶತಮಾನದಲ್ಲಿ ಹೆಸರುವಾಸಿಯಾಗಿತ್ತು.

ಮತ್ತೆ ಕೆಟ್ಟದ್ದೆಲ್ಲಿ? ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣವಿಲ್ಲ; ಬಣ್ಣವಿರುವುದು ಸಿಪ್ಪೆಯಲ್ಲಿ. ಸಿಪ್ಪೆ ಮಾಗಲು ಬಿಸಿಲು ಬೇಕು. ಆ ಉತ್ತರದ ನಾಡಿನಲ್ಲಿ ಬಿಸಿಲೇ ದುರ್ಲಭ. ಶರತ್ಕಾಲದ ಮಳೆಗೆ ಹಣ್ಣು ಕೊಳೆತೀತೆಂದು ರೈತರು ಅವಸರದಲ್ಲಿ ಕೊಯ್ಯುತ್ತಿದ್ದರು. ಬಣ್ಣ ಬಾರದಿದ್ದರೆ ಜಜ್ಜಿದ ಹಣ್ಣನ್ನು ಕಾಯಿಸಿ ಬಿಡಿಸಿಕೊಳ್ಳುತ್ತಿದ್ದರು. ಮೇಲಾಗಿ 1971ರ ಕಾನೂನು ರಸದಲ್ಲಿನ ಸಕ್ಕರೆಯನ್ನೇ ದರ್ಜೆಯ ಅಳತೆಗೋಲು ಮಾಡಿತು. ಬಿಳಿಯ ಮದ್ಯಕ್ಕೆ ಹೊಂದುವ ಆ ಗೋಲಿನಿಂದ ಕೆಂಪನ್ನು ಅಳೆದುದು ತಪ್ಪೆಂದೇ ನನಗೆ ತೋರುತ್ತದೆ. ಬಣ್ಣದ ಕೊರತೆ ತುಂಬಲು ವೈನ್ಸ್‌ಬೆರ್ಗ್‌ನಲ್ಲಿ ಆಗಸ್ಟ್ ಹೆರೋಲ್ಡ್ 1955ರಲ್ಲಿ ‘ಡಾರ್ನ್‌ಫೆಲ್ಡರ್’ ಎಂಬ ಹೊಸ ತಳಿಯನ್ನು ಸೃಷ್ಟಿಸಿದ. ಬಣ್ಣವೇನೋ ಬಂದಿತು, ಗಾಂಭೀರ್ಯದ ಮಾತು ಬೇರೆ.

ಇದೆಲ್ಲ ಎದ್ದು ಕಾಣುವುದು ರೈನ್ ನದಿಯನ್ನು ಕೂಡುವ ಆರ್ ಎಂಬ ಸಣ್ಣ ಹೊಳೆಯ ಕಣಿವೆಯಲ್ಲಿ. ಹಗಲಿನ ಬಿಸಿಲನ್ನು ಹಿಡಿದಿಡುವ ಸ್ಲೇಟುಕಲ್ಲಿನ ಕಡಿದಾದ ಇಳಿಜಾರುಗಳಿಂದಾಗಿ ಅಷ್ಟು ಉತ್ತರದಲ್ಲಿಯೂ ಅಲ್ಲಿ ಕೆಂಪು ದ್ರಾಕ್ಷಿಯೇ ಮುಖ್ಯ ಬೆಳೆ. ಮೈಷೋಸ್ ಗ್ರಾಮದ ಬೆಳೆಗಾರರು 1868ರಲ್ಲಿಯೇ ಸಹಕಾರ ಸಂಘ ಕಟ್ಟಿಕೊಂಡವರು. ಆದರೆ ಪಶ್ಚಿಮ ಜರ್ಮನಿಗೆ ರಾಜಧಾನಿಯಾದ ಬಾನ್ ನಗರ ಕೂಗಳತೆಯಲ್ಲಿತ್ತು. ವಾರದ ಕೊನೆಗೆ ವಿಹಾರಕ್ಕೆ ಬಂದವರು ಸುರಿದದ್ದನ್ನು ಕುಡಿದು ಹಾಡಿ ಹೋಗುತ್ತಿದ್ದರು. ಗಿರಾಕಿಯೇ ಕೇಳದಿರುವಾಗ ಒಳ್ಳೆಯದನ್ನು ಮಾಡುವವರಾರು?

ಮಾಡಿದವನೊಬ್ಬ ಮೇಷ್ಟ್ರು! ಗಣಿತ ಹೇಳಿಕೊಡುತ್ತಿದ್ದ ವೆರ್ನರ್ ನೆಕೆಲ್ 1980ರ ದಶಕದ ಆರಂಭದಲ್ಲಿ ಡೆರ್ನೌ ಊರಿನ ಮನೆತನದ ತೋಟಕ್ಕೆ ಹಿಂದಿರುಗಿ, ಸಿಹಿಯನ್ನು ಬಿಟ್ಟು, ಬರ್ಗಂಡಿಯವರಂತೆ ಚಿಕ್ಕ ಓಕ್ ಪೀಪಾಯಿಗಳಲ್ಲಿ ಮದ್ಯವನ್ನು ಮಾಗಿಸತೊಡಗಿದ. ದಕ್ಷಿಣದ ಮಾಲ್ಟರ್‌ಡಿಂಗೆನ್‌ನಲ್ಲಿ ಬೆರ್ನ್‌ಹಾರ್ಡ್ ಹೂಬರ್ 1987ರಲ್ಲಿ ಸಹಕಾರ ಸಂಘದಿಂದ ಹೊರಬಂದು ಅದೇ ಹಾದಿ ಹಿಡಿದ. 1980ರ ಸುಮಾರಿಗೆ ಜರ್ಮನಿಯ ದ್ರಾಕ್ಷಿತೋಟಗಳಲ್ಲಿ ಹತ್ತರಲ್ಲೊಂದು ಪಾಲಿದ್ದ ಕೆಂಪು ತಳಿಗಳು ಇಪ್ಪತ್ತೈದು ವರ್ಷಗಳಲ್ಲಿ ಮೂರನೆಯ ಒಂದು ಭಾಗವನ್ನು ಮೀರಿದವು. ಪೀನೋ ನ್ವಾರ್ ಬೆಳೆಯುವುದರಲ್ಲಿ ಫ್ರಾನ್ಸ್, ಅಮೆರಿಕಗಳ ನಂತರದ ಸ್ಥಾನ ಇಂದು ಜರ್ಮನಿಯದು. ಮದ್ಯದ ರುಚಿಗೆ ಸಾಕ್ಷಿ ಹೇಳಲು ಈ ಲೇಖಕ ಅನರ್ಹ. ಹಿಂದೆ ನಕ್ಕ ಲಂಡನ್ನಿನ ರಸಜ್ಞರೇ ಈಗ ಹೊಗಳುತ್ತಿದ್ದಾರೆ.

ಕೈಯ ಕುಶಲತೆಗೆ ಕಾಲವೂ ನೆರವಾಯಿತೆನ್ನಬೇಕು. ಭೂಮಿ ಬಿಸಿಯೇರಿದಂತೆಲ್ಲ ಅಲ್ಲಿನ ಹಣ್ಣು ಪೂರ್ಣವಾಗಿ ಮಾಗತೊಡಗಿತು. ಆದರೆ ಬಿಸಿಯಾದ ಗಾಳಿ ಹೆಚ್ಚು ನೀರನ್ನೂ ಹೊರುತ್ತದೆ. 2021ರ ಜುಲೈ 14ರ ರಾತ್ರಿ ಆರ್ ಹೊಳೆ ಉಕ್ಕಿ ಆ ಕಣಿವೆಯೊಂದರಲ್ಲೇ 130ಕ್ಕೂ ಹೆಚ್ಚು ಜನ ಸತ್ತರು. ಮನೆ, ಸೇತುವೆ, ನೆಲಮಾಳಿಗೆಗಳು ಕೊಚ್ಚಿಹೋದವು. ಕೆಸರಿನಲ್ಲಿ ಹೂತಿದ್ದ ಶೀಷೆಗಳನ್ನು ಬೆಳೆಗಾರರು ಹೆಕ್ಕಿ ತೆಗೆದು, ತೊಳೆಯದೆ, ‘ಪ್ರವಾಹದ ಮದ್ಯ’ವೆಂದೇ ಮಾರಿ ಪರಿಹಾರಕ್ಕೆ ಹಣ ಕೂಡಿಸಿದರು. ಯಾವ ತಳಿ, ಯಾವ ವರ್ಷದ್ದೆಂದು ಕೊಂಡವರು ಕೇಳುವಂತಿರಲಿಲ್ಲ. ಚೀಟಿಯ ಮೇಲೆ ಕೆಸರು ಒಣಗಿತ್ತು.