ತಾಮ್ರದ ಅಸಿಟೇಟ್ ಸ್ಫಟಿಕದಲ್ಲಿ ತಾಮ್ರ–ತಾಮ್ರ ಬಂಧವುಂಟೆ?

ತಾಮ್ರದ ಅಸಿಟೇಟ್ ಮಾನೋಹೈಡ್ರೇಟಿನ ಕಡುನೀಲಿಹಸುರು ಹರಳಿನಲ್ಲಿ ತಾಮ್ರದ ಪರಮಾಣುಗಳು ಜೋಡಿಜೋಡಿಯಾಗಿ ನೆಲಸಿವೆಯೆಂಬುದು ಈಗ ಸರ್ವಸಮ್ಮತ. ಉಷ್ಣತೆಯಿಳಿದಂತೆ ಅದರ ಕಾಂತಗ್ರಾಹ್ಯತೆ ಏರುವುದಕ್ಕೆ ಬದಲು ಕುಗ್ಗುವುದೆಂದು 1951ರಲ್ಲಿ ಗುಹಾ ಅವರು ಅಳೆದು ತೋರಿದರು. ಮರುವರ್ಷ ಬ್ಲೀನಿ ಮತ್ತು ಬೋವರ್ಸ್ ಅವರು ಎಲೆಕ್ಟ್ರಾನ್ ಸ್ಪಿನ್ ಅನುರಣನದ ಸಾಕ್ಷ್ಯದಿಂದ ಜೋಡಿಗಳನ್ನು ಊಹಿಸಿದರು. 1953ರಲ್ಲಿ ವಾನ್ ನೀಕರ್ಕ್ ಮತ್ತು ಶೋನಿಂಗ್ ಅವರ ಕ್ಷ-ಕಿರಣ ವಿಶ್ಲೇಷಣೆ ಆ ಊಹೆಯನ್ನು ಸ್ಥಿರಪಡಿಸಿತು. ನಾಲ್ಕು ಅಸಿಟೇಟ್ ಸೇತುಗಳು ಎರಡು ತಾಮ್ರಗಳನ್ನು ಸುತ್ತುವರಿದಿವೆ. ಎರಡು ತುದಿಗಳಲ್ಲಿ ಒಂದೊಂದು ನೀರಿನ ಅಣುವಿದೆ.

ತಾಮ್ರಗಳ ನಡುವಣ ಅಂತರವೇ ವಿವಾದದ ಮೂಲ. ಆಗ 2.64 ಆಂಗ್‌ಸ್ಟ್ರಾಮ್ ಎನಿಸಿದ್ದ ಅದನ್ನು 1973ರಲ್ಲಿ ಬ್ರೌನ್ ಮತ್ತು ಚಿದಂಬರಂ ಅವರು ನ್ಯೂಟ್ರಾನ್ ವಿವರ್ತನೆಯಿಂದ ಸುಮಾರು 2.62 ಎಂದು ನಿಷ್ಕರ್ಷಿಸಿದರು. ತಾಮ್ರಲೋಹದಲ್ಲಿ ನೆರೆಯ ಪರಮಾಣುಗಳ ಅಂತರ 2.56 ಆದುದರಿಂದ, ಇಲ್ಲಿಯೂ ನೇರ ಬಂಧವಿದೆಯೆಂದೂ ಅದು ಡೆಲ್ಟಾ ಬಗೆಯದೆಂದೂ 1956ರಲ್ಲಿ ಫಿಗಿಸ್ ಮತ್ತು ಮಾರ್ಟಿನ್ ಪ್ರತಿಪಾದಿಸಿದರು. ಆ ವಾದವನ್ನು ನಾನು ಒಪ್ಪಲಾರೆ.

ಸ್ಫಟಿಕವನ್ನೇ ಸಮೀಪದಿಂದ ನೋಡೋಣ. ಪ್ರತಿ ಅಸಿಟೇಟಿನ ಎರಡು ಆಮ್ಲಜನಕಗಳ ನಡುವೆ ಇರುವುದು ಸುಮಾರು 2.2 ಆಂಗ್‌ಸ್ಟ್ರಾಮ್ ಮಾತ್ರ. ತಾಮ್ರಗಳು ತಮ್ಮ ನಾಲ್ಕು ಆಮ್ಲಜನಕಗಳ ಸಮತಲದಲ್ಲಿಯೇ ನಿಂತಿದ್ದರೆ ಅವುಗಳ ಅಂತರವೂ ಅಷ್ಟೇ ಆಗುತ್ತಿತ್ತು. ಆದರೆ ಪ್ರತಿಯೊಂದು ತಾಮ್ರವೂ ಆ ಸಮತಲವನ್ನು ಬಿಟ್ಟು ನೀರಿನ ಕಡೆಗೆ ಸುಮಾರು 0.2ರಷ್ಟು ಸರಿದಿದೆ. ಬಲವಾದ ಬಂಧದಿಂದ ಪರಸ್ಪರ ಸೆಳೆಯಲ್ಪಟ್ಟವು ಹೀಗೆ ಹೊರಮುಖವಾಗಿ ವಾಲುವುದುಂಟೆ? ಇವನ್ನು ಸಮೀಪ ನಿಲ್ಲಿಸಿರುವುದು ಸೇತುವಿನ ಅಳತೆಯೇ ಎಂದು ನನ್ನ ಮತ. ಚೌಕ ಪಿರಮಿಡ್ಡಿನ ರಚನೆಯಲ್ಲಿ ತಾಮ್ರವು ತುದಿಯ ಕಡೆಗೆ ಸರಿಯುವುದು ಸಾಮಾನ್ಯವಾದುದರಿಂದ ಇದೊಂದೇ ನಿರ್ಣಾಯಕವಲ್ಲವೆಂಬುದನ್ನು ಒಪ್ಪಬೇಕು. ಆದರೆ ಫಾರ್ಮೇಟ್ ಸೇತುಗಳ ಜೋಡಿಗಳಲ್ಲಿ ತಾಮ್ರಗಳು ಇನ್ನಷ್ಟು ದೂರವಿದ್ದರೂ, ಕಾಂತಗ್ರಾಹ್ಯತೆಯನ್ನು ಕುಗ್ಗಿಸುವ ಸ್ಪಿನ್‌ಗಳ ಬೆಸುಗೆ ಅಸಿಟೇಟಿನಲ್ಲಿರುವುದಕ್ಕಿಂತ ಬಲವಾಗಿದೆ. ಬೆಸುಗೆಗೆ ನೇರ ಬಂಧವೇ ಕಾರಣವಾಗಿದ್ದರೆ ದೂರ ಹೆಚ್ಚಿದಂತೆ ಅದು ಕ್ಷೀಣಿಸಬೇಕಾಗಿತ್ತು. ಆದಕಾರಣ ಸ್ಪಿನ್‌ಗಳ ವಿನಿಮಯವು ಮುಖ್ಯವಾಗಿ ಆಮ್ಲಜನಕ–ಇಂಗಾಲ–ಆಮ್ಲಜನಕ ಮಾರ್ಗವಾಗಿಯೇ ನಡೆಯುತ್ತದೆಂದು, ಈ ಬಗೆಯ ಕಾರ್ಬಾಕ್ಸಿಲೇಟ್ ಜೋಡಿಗಳ ಮಟ್ಟಿಗಾದರೂ, ಹೇಳಬಹುದೆಂದು ತೋರುತ್ತದೆ.

ನೇರ ಸಂಪರ್ಕದ ಪಾಲು ಸಂಪೂರ್ಣ ಶೂನ್ಯವೆಂದು ಇಷ್ಟರಿಂದಲೇ ಸಿದ್ಧವಾಗದು. ಅದರ ಪರಿಮಾಣವನ್ನು ಅಂತರಗಳ ಅಳತೆಯೊಂದೇ ತಿಳಿಸಲಾರದು.