ನೋವಿಗೆ ಅಕ್ಯುಪಂಕ್ಚರ್: ಮಾರ್ಫಿನ್, ಟ್ರಮಡಾಲ್ ಬದಲು ಸೂಜಿ ಸಾಕೇ?

ನಿಮ್ಮ ಮನೆಯವರಿಗೆ ವೈದ್ಯರು ಮಾರ್ಫಿನ್ ಅಥವಾ ಟ್ರಮಡಾಲ್ ಬರೆದುಕೊಟ್ಟಿದ್ದಾರೆ. ಅದು ಅಫೀಮಿನ ಜಾತಿಯ ಔಷಧ ಎಂದು ಯಾರೋ ಹೇಳಿದ್ದಾರೆ. ಅದೇ ಹೊತ್ತಿಗೆ ಪರಿಚಯದವರೊಬ್ಬರು, 'ಮಾತ್ರೆ ಬಿಟ್ಟುಬಿಡಿ, ದಾದರ್‌ನಲ್ಲೋ ಠಾಣೆಯಲ್ಲೋ ಸೂಜಿ ಚುಚ್ಚಿ ನೋವು ತೆಗೆಯುತ್ತಾರೆ' ಅಂದಿದ್ದಾರೆ. ಈಗ ಏನು ಮಾಡಬೇಕು? ಔಷಧದ ಕೌಂಟರಿನ ಈಚೆ ನಿಂತು ನಾನು ಪದೇಪದೇ ಕೇಳಿರುವ ಪ್ರಶ್ನೆ ಇದು. ಮುಂಬಯಿಯಲ್ಲಿ ನೆಲೆಸಿದವರೂ ಕೇಳುತ್ತಾರೆ, ಚಿಕಿತ್ಸೆಗೆಂದು ಕಲಬುರಗಿ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ಪರೇಲ್‌ಗೆ ಬಂದವರೂ ಕೇಳುತ್ತಾರೆ.

ಚಿಕ್ಕದಾಗಿ ಹೇಳುವುದಾದರೆ:
• ಬಹುಕಾಲದ ಸೊಂಟ, ಕುತ್ತಿಗೆ, ಮಂಡಿ ನೋವು ಮತ್ತು ತಲೆನೋವಿನಲ್ಲಿ ಅಕ್ಯುಪಂಕ್ಚರ್‌ನಿಂದ ಕೆಲವರಿಗೆ ಸ್ವಲ್ಪಮಟ್ಟಿನ ಪ್ರಯೋಜನವಾಗುತ್ತದೆ.
• ಕ್ಯಾನ್ಸರ್‌ನ ತೀವ್ರ ನೋವಿನಲ್ಲಿ ಅದು ಮಾರ್ಫಿನ್‌ಗೆ ಬದಲಿಯಲ್ಲ. ಜೊತೆಗೆ ಪಡೆಯಬಹುದಾದ ನೆರವು ಮಾತ್ರ.
• ಈಗಾಗಲೇ ತೆಗೆದುಕೊಳ್ಳುತ್ತಿರುವ ಓಪಿಯಾಯ್ಡ್ ಔಷಧವನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬಾರದು.

ಓಪಿಯಾಯ್ಡ್ ಎಂದರೆ ಯಾವ ಔಷಧಗಳು?

ಮಾರ್ಫಿನ್, ಫೆಂಟನಿಲ್, ಮೆಥಡೋನ್, ಟ್ರಮಡಾಲ್, ಕೋಡೀನ್, ಟಪೆಂಟಡಾಲ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಮೆದುಳು ಮತ್ತು ಬೆನ್ನುಹುರಿಯಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು ನೋವಿನ ಸಂದೇಶವನ್ನು ತಗ್ಗಿಸುತ್ತವೆ. ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಓಪಿಯಾಯ್ಡ್‌ಗಳಲ್ಲ.

ಇವುಗಳ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. 1985ರ ಮಾದಕ ವಸ್ತು ಕಾಯ್ದೆಯ ಕೆಳಗೆ ಮಾರ್ಫಿನ್ ಬರುತ್ತದೆ. 2018ರಲ್ಲಿ ಟ್ರಮಡಾಲ್ ಕೂಡ ಅದೇ ಕಾಯ್ದೆಯ ವ್ಯಾಪ್ತಿಗೆ ಸೇರಿತು. ಅಂಗಡಿಯವರು ಚೀಟಿ ಇಲ್ಲದೆ ಟ್ರಮಡಾಲ್ ಕೊಡುವುದಿಲ್ಲ ಎಂದರೆ, ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು ಬರೆದುಕೊಂಡರೆ, ನಿಮ್ಮ ಮೇಲೆ ಅನುಮಾನ ಎಂದಲ್ಲ. ಹಾಗೆ ಮಾಡುವುದು ಅವರ ಕರ್ತವ್ಯ.

ಭಯ ಎಲ್ಲಿಂದ ಬಂತು?

ಅಮೆರಿಕದಲ್ಲಿ 1990ರ ದಶಕದಿಂದ ಸಾಮಾನ್ಯ ಸೊಂಟನೋವಿಗೂ ಓಪಿಯಾಯ್ಡ್‌ಗಳನ್ನು ಧಾರಾಳವಾಗಿ ಬರೆದರು. ಲಕ್ಷಾಂತರ ಜನ ಚಟಕ್ಕೆ ಬಿದ್ದರು, ಬಹಳ ಮಂದಿ ಸತ್ತರು. ಆಮೇಲೆ ಅಲ್ಲಿ ಔಷಧವಿಲ್ಲದ ಚಿಕಿತ್ಸೆಗಳ ಹುಡುಕಾಟ ಜೋರಾಯಿತು. 2020ರಿಂದ ಅಲ್ಲಿನ ಹಿರಿಯರ ಸರ್ಕಾರಿ ವಿಮೆ ಬಹುಕಾಲದ ಸೊಂಟನೋವಿಗೆ 90 ದಿನಗಳಲ್ಲಿ 12 ಬಾರಿಯವರೆಗೆ ಅಕ್ಯುಪಂಕ್ಚರ್ ಖರ್ಚು ಕೊಡುತ್ತಿದೆ.

ನಮ್ಮ ಕಥೆ ಬೇರೆ. ಟ್ರಮಡಾಲ್, ಕೋಡೀನ್ ಸಿರಪ್‌ಗಳ ದುರ್ಬಳಕೆ ಇಲ್ಲಿಯೂ ಇದೆ. ಆದರೆ ಕ್ಯಾನ್ಸರ್ ರೋಗಿಗಳ ವಿಷಯದಲ್ಲಿ ನಮ್ಮ ದೊಡ್ಡ ಸಮಸ್ಯೆ ಮಾರ್ಫಿನ್ ಹೆಚ್ಚಾಗಿರುವುದಲ್ಲ, ಬೇಕಾದವರಿಗೆ ಸಿಗದಿರುವುದು. ಅದಕ್ಕಾಗಿಯೇ 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಮಾರ್ಫಿನ್ ಸೇರಿದಂತೆ ಆರು ಔಷಧಗಳನ್ನು 'ಅತ್ಯಗತ್ಯ' ಎಂದು ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಅವು ಸಿಗುವ ದಾರಿಯನ್ನು ದೇಶದಾದ್ಯಂತ ಒಂದೇ ರೀತಿ ಮಾಡಲಾಯಿತು. ಅಮೆರಿಕದ ಭಯವನ್ನು ಹಾಗೆಯೇ ಇಲ್ಲಿಗೆ ತಂದು, ನೋವಿನಿಂದ ರಾತ್ರಿಯಿಡೀ ನರಳುವವರ ಮಾತ್ರೆ ತಪ್ಪಿಸಿದರೆ ಅದು ಅನ್ಯಾಯ.

ಅಕ್ಯುಪಂಕ್ಚರ್ ಹೇಗೆ ಕೆಲಸ ಮಾಡುತ್ತದೆ?

ಕೂದಲಿನಷ್ಟು ತೆಳ್ಳಗಿನ ಉಕ್ಕಿನ ಸೂಜಿಗಳನ್ನು ಚರ್ಮದೊಳಗೆ ನಿಗದಿತ ಜಾಗಗಳಲ್ಲಿ ಚುಚ್ಚಿ, ಸಾಮಾನ್ಯವಾಗಿ 20ರಿಂದ 30 ನಿಮಿಷ ಬಿಡುತ್ತಾರೆ. ಕೆಲವೊಮ್ಮೆ ಸೂಜಿಗಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಕೊಡುತ್ತಾರೆ. ಇದು ಎಲೆಕ್ಟ್ರೋ ಅಕ್ಯುಪಂಕ್ಚರ್. ಬೆರಳಿನಿಂದ ಒತ್ತುವ ಅಕ್ಯುಪ್ರೆಶರ್ ಬೇರೆ.

ಚೀನಾದ ಹಳೆಯ ಶಾಸ್ತ್ರ ಇದನ್ನು ದೇಹದಲ್ಲಿ ಹರಿಯುವ ಶಕ್ತಿಯ ಮಾತಿನಲ್ಲಿ ವಿವರಿಸುತ್ತದೆ. ಇಂದಿನ ಸಂಶೋಧನೆ ನರಗಳ ಮಾತಿನಲ್ಲಿ ವಿವರಿಸುತ್ತದೆ. ಸೂಜಿ ನರಗಳನ್ನು ಕೆರಳಿಸಿದಾಗ ದೇಹ ತನ್ನದೇ ನೋವು ನಿವಾರಕಗಳಾದ ಎಂಡಾರ್ಫಿನ್‌ಗಳನ್ನು ಬಿಡುಗಡೆ ಮಾಡುತ್ತದೆ. ಮಾರ್ಫಿನ್ ಕೆಲಸವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧ ಕೊಟ್ಟಾಗ ಅಕ್ಯುಪಂಕ್ಚರ್‌ನ ಪರಿಣಾಮವೂ ತಗ್ಗುವುದನ್ನು 1970ರ ದಶಕದಲ್ಲೇ ಕೆಲವು ಪ್ರಯೋಗಗಳು ತೋರಿಸಿದ್ದವು. ಅಂದರೆ ಸೂಜಿ ಮತ್ತು ಮಾರ್ಫಿನ್ ಸ್ವಲ್ಪಮಟ್ಟಿಗೆ ಒಂದೇ ಬಾಗಿಲು ತಟ್ಟುತ್ತವೆ. ಆದರೆ ತಟ್ಟುವ ಬಲ ಒಂದೇ ಅಲ್ಲ.

ಈ ಚಿಕಿತ್ಸೆಗೂ ನಮ್ಮ ಕಡೆಗೂ ಒಂದು ಹಳೆಯ ನಂಟಿದೆ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದರು. ಅವರು ಓದಿದ್ದು ಪರೇಲ್‌ನ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ. ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಡಾ. ಬಿ.ಕೆ. ಬಸು ಮುಂದೆ ಚೀನಾದಲ್ಲಿ ಅಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತಾದಲ್ಲಿ ಅದನ್ನು ಆರಂಭಿಸಿದರು.

ಯಾವ ನೋವಿಗೆ ಎಷ್ಟು ಪ್ರಯೋಜನ?

ಬಹುಕಾಲದ ಸೊಂಟ, ಕುತ್ತಿಗೆ, ಭುಜ, ಮಂಡಿ ನೋವು ಮತ್ತು ತಲೆನೋವು: 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 39 ಅಧ್ಯಯನಗಳ 20,827 ರೋಗಿಗಳ ವಿವರಗಳನ್ನು ಒಟ್ಟಿಗೆ ನೋಡಿತು. ಅಕ್ಯುಪಂಕ್ಚರ್ ಪಡೆಯದವರಿಗಿಂತ ಪಡೆದವರಿಗೆ ನೋವು ಕಡಿಮೆಯಾಗಿತ್ತು. ವರ್ಷ ಕಳೆದ ಮೇಲೂ ಆ ಪ್ರಯೋಜನದಲ್ಲಿ ಸುಮಾರು ಶೇ. 15ರಷ್ಟು ಮಾತ್ರ ಇಳಿದಿತ್ತು. ಆದರೆ ನಿಜವಾದ ಅಕ್ಯುಪಂಕ್ಚರ್ ಮತ್ತು ನಕಲಿ ಅಕ್ಯುಪಂಕ್ಚರ್ ನಡುವಿನ ವ್ಯತ್ಯಾಸ ಚಿಕ್ಕದಾಗಿತ್ತು. ಎಂದರೆ, ಸಿಗುವ ನೆಮ್ಮದಿಯ ಒಂದು ಪಾಲು ಸೂಜಿಯ ಜಾಗದಿಂದಲ್ಲ; ಆರೈಕೆ, ವಿಶ್ರಾಂತಿ, ನಂಬಿಕೆಗಳಿಂದ ಬರುತ್ತದೆ.

ತಜ್ಞರಲ್ಲೂ ಒಮ್ಮತವಿಲ್ಲ. ಬ್ರಿಟನ್ನಿನ ಮಾರ್ಗಸೂಚಿ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಹುಕಾಲದ ಸೊಂಟನೋವಿಗೆ ಅದನ್ನು ಪ್ರಯತ್ನಿಸಬಹುದು ಎಂದಿತು. ಆದರೆ ಈ ಬಗೆಯ ನೋವಿಗೆ ಓಪಿಯಾಯ್ಡ್‌ಗಳನ್ನು ವಾಡಿಕೆಯಂತೆ ಕೊಡಬಾರದು ಎಂಬಲ್ಲಿ ಇಬ್ಬರದೂ ಒಂದೇ ಮಾತು. ಆದ್ದರಿಂದ ನಿಮಗೆ ವರ್ಷಗಳಿಂದ ಸೊಂಟನೋವಿದ್ದು, ಯಾರಾದರೂ ತಿಂಗಳುಗಟ್ಟಲೆ ಟ್ರಮಡಾಲ್ ಬರೆಯುತ್ತಿದ್ದರೆ, 'ಬೇರೆ ದಾರಿ ಇದೆಯೇ?' ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ವ್ಯಾಯಾಮ, ಫಿಸಿಯೋಥೆರಪಿ ಮೊದಲು. ಅದರ ಜೊತೆಗೆ ಅಕ್ಯುಪಂಕ್ಚರ್.

ಸ್ತನ ಕ್ಯಾನ್ಸರ್‌ನ ಹಾರ್ಮೋನು ಮಾತ್ರೆಗಳಿಂದ ಬರುವ ಕೀಲುನೋವು: ಲೆಟ್ರೋಝೋಲ್, ಅನಾಸ್ಟ್ರೋಝೋಲ್ ನುಂಗುವ ಹಲವು ಮಹಿಳೆಯರಿಗೆ ಬೆರಳು, ಮಂಡಿ ಹಿಡಿದುಕೊಳ್ಳುತ್ತವೆ. ನೋವು ತಾಳದೆ ಕೆಲವರು ಮಾತ್ರೆಯನ್ನೇ ಬಿಡುತ್ತಾರೆ, ಅದು ಅಪಾಯ. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೊಂದು ಈ ಕೀಲುನೋವಿಗೆ ಅಕ್ಯುಪಂಕ್ಚರ್ ನೀಡಬೇಕೆಂದು ಸಲಹೆ ಕೊಟ್ಟಿದೆ. ಕ್ಯಾನ್ಸರ್ ರೋಗಿಗಳಲ್ಲಿ ಅಕ್ಯುಪಂಕ್ಚರ್‌ಗೆ ಇರುವ ಒಳ್ಳೆಯ ಆಧಾರಗಳಲ್ಲಿ ಇದೊಂದು.

ಗೆಡ್ಡೆಯಿಂದ, ಮೂಳೆಗೆ ಹರಡಿದ ಕ್ಯಾನ್ಸರ್‌ನಿಂದ ಬರುವ ತೀವ್ರ ನೋವು: ಇಲ್ಲಿ ಮಾರ್ಫಿನ್‌ನಂಥ ಔಷಧಗಳೇ ಆಧಾರ. ಸೂಜಿಯಿಂದ ಓಪಿಯಾಯ್ಡ್ ಪೂರ್ತಿ ಬಿಡಬಹುದು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ವೈದ್ಯರು ಒಪ್ಪಿದರೆ ಅಕ್ಯುಪಂಕ್ಚರ್ ಜೊತೆಗಿರಲಿ, ಬದಲಿಗೆ ಬೇಡ.

'ಮಾರ್ಫಿನ್ ಕೊಟ್ಟರೆಂದರೆ ಮುಗಿಯಿತು' ನಿಜವೇ?

ಅಲ್ಲ. ಮಾರ್ಫಿನ್ ಕೊಡುವುದು ನೋವಿನ ಪ್ರಮಾಣ ನೋಡಿ, ಬದುಕಿನ ಉಳಿದ ದಿನ ಎಣಿಸಿ ಅಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೂ ಕೊಡುತ್ತಾರೆ. ನೋವಿನ ಕಾರಣ ಕಡಿಮೆಯಾದರೆ ಇಳಿಸಿ ನಿಲ್ಲಿಸುತ್ತಾರೆ.

ಚಟ ಮತ್ತು ದೇಹದ ಒಗ್ಗಿಕೊಳ್ಳುವಿಕೆ ಬೇರೆ ಬೇರೆ. ಕೆಲವು ವಾರ ತೆಗೆದುಕೊಂಡ ಮೇಲೆ ದೇಹ ಔಷಧಕ್ಕೆ ಒಗ್ಗುತ್ತದೆ. ಆಗ ಥಟ್ಟನೆ ನಿಲ್ಲಿಸಿದರೆ ಬೆವರು, ನಡುಕ, ಭೇದಿ, ನಿದ್ದೆಗೇಡು ಬರುತ್ತವೆ, ನೋವೂ ಮರುಕಳಿಸುತ್ತದೆ. ಇದು ಚಟವಲ್ಲ. ನೋವಿಲ್ಲದಿದ್ದರೂ, ಹಾನಿಯಾಗುತ್ತಿದ್ದರೂ ಬೇಕೇಬೇಕೆಂಬ ಹಂಬಲ ಚಟ. ನೋವಿಗೆಂದು ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳಲ್ಲಿ ಅದು ಸಾಮಾನ್ಯವಲ್ಲ.

ಮಾರ್ಫಿನ್ ತೆಗೆದುಕೊಳ್ಳುವಾಗ ನೆನಪಿಡಿ:
• ಸಾಮಾನ್ಯ ಮಾತ್ರೆಯನ್ನು ಸಾಮಾನ್ಯವಾಗಿ 4 ಗಂಟೆಗೊಮ್ಮೆ ಕೊಡುತ್ತಾರೆ. ಚೀಟಿಯಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ. ನೋವು ಏರುವವರೆಗೆ ಕಾಯಬೇಡಿ.
• ಮಲಬದ್ಧತೆ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಜೊತೆಗೆ ಬರೆದ ಮಲ ಸಡಿಲಿಸುವ ಔಷಧವನ್ನು ಬಿಡಬೇಡಿ.
• ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಬೇಡಿ, ಅಗಿಯಬೇಡಿ.
• ಫೆಂಟನಿಲ್ ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಔಷಧ ಒಮ್ಮೆಲೇ ದೇಹ ಸೇರಬಹುದು.
• ಮದ್ಯ ಬೇಡ. ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಮೂತ್ರಪಿಂಡದ ತೊಂದರೆ ಇದ್ದರೂ ಹೇಳಿ.
• ಒಂದೇ ಕೋಣೆಯ ಮನೆಯಾದರೂ ಬೀಗ ಹಾಕುವ ಡಬ್ಬಿಯೊಂದರಲ್ಲಿ ಇಡಿ. ಮಕ್ಕಳ ಕೈಗೆ ಒಂದು ಮಾತ್ರೆ ಸಿಕ್ಕರೂ ಅಪಾಯ.

ಟ್ರಮಡಾಲ್‌ಗೆ ಇನ್ನೆರಡು ಎಚ್ಚರಿಕೆ. ಫಿಟ್ಸ್ ಇರುವವರಿಗೆ ಮತ್ತು ಖಿನ್ನತೆಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಅದು ತೊಂದರೆ ಮಾಡಬಹುದು. ಹಲವು ಟ್ರಮಡಾಲ್ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಸೇರಿರುತ್ತದೆ. ಅದು ಗೊತ್ತಿಲ್ಲದೆ ಬೇರೆಯಾಗಿ ಪ್ಯಾರಸಿಟಮಾಲ್ ನುಂಗಿದರೆ ಪ್ರಮಾಣ ಮೀರುತ್ತದೆ.

ಅಕ್ಯುಪಂಕ್ಚರ್ ಯಾರಿಗೆ ಅಪಾಯ?

ಸರಿಯಾಗಿ ಕಲಿತವರು ಮಾಡಿದರೆ ಸಣ್ಣ ರಕ್ತಸ್ರಾವ, ಕಂದುಗಟ್ಟುವಿಕೆ, ತಲೆಸುತ್ತು ಬಿಟ್ಟು ಹೆಚ್ಚಿನ ತೊಂದರೆ ಅಪರೂಪ. ಎದೆಯ ಭಾಗದಲ್ಲಿ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ತೂತಾದ ಪ್ರಸಂಗಗಳು ವಿರಳವಾಗಿ ವರದಿಯಾಗಿವೆ. ಕೆಳಗಿನವರು ತಮ್ಮ ವೈದ್ಯರನ್ನು ಕೇಳದೆ ಸೂಜಿ ಹಾಕಿಸಿಕೊಳ್ಳಬಾರದು:
• ಕೀಮೋಥೆರಪಿಯಲ್ಲಿ ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್ ಇಳಿದಿರುವವರು
• ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ತೆಗೆದುಕೊಳ್ಳುವವರು
• ಹೃದಯದ ಕವಾಟದ ತೊಂದರೆ ಇರುವವರು, ಗರ್ಭಿಣಿಯರು
• ಪೇಸ್‌ಮೇಕರ್ ಇರುವವರು. ಎಲೆಕ್ಟ್ರೋ ಅಕ್ಯುಪಂಕ್ಚರ್ ಬೇಡ

ಸ್ತನದ ಶಸ್ತ್ರಚಿಕಿತ್ಸೆಯ ನಂತರ ಬಾವು ಬಂದಿರುವ ತೋಳಿಗೆ, ಗೆಡ್ಡೆ ಇರುವ ಜಾಗಕ್ಕೆ ಸೂಜಿ ಬೇಡ.

ಮುಂಬಯಿಯಲ್ಲಿ ಹೋಗುವ ಮುನ್ನ ಏನು ಕೇಳಬೇಕು?

ಕೇಂದ್ರ ಸರ್ಕಾರ 2003ರಲ್ಲಿ ಅಕ್ಯುಪಂಕ್ಚರ್‌ಗೆ ಚಿಕಿತ್ಸಾ ವಿಧಾನವಾಗಿ ಅವಕಾಶ ಕೊಟ್ಟಿತು. 2019ರಲ್ಲಿ ಮಾನ್ಯತೆಯ ಆದೇಶ ಹೊರಡಿಸಿತು. ಮಹಾರಾಷ್ಟ್ರ 2015ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿ, ಅದರಡಿ ನೋಂದಣಿಗೆ ರಾಜ್ಯ ಅಕ್ಯುಪಂಕ್ಚರ್ ಪರಿಷತ್ತನ್ನು ಸ್ಥಾಪಿಸಿದೆ. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ ಪಡೆದ ವೈದ್ಯರು ಓದಿನ ಭಾಗವಾಗಿ ಅಕ್ಯುಪಂಕ್ಚರ್ ಕಲಿತಿರುತ್ತಾರೆ. ನೀವು ಸಂಕೋಚವಿಲ್ಲದೆ ಕೇಳಿ:
• ನಿಮ್ಮ ನೋಂದಣಿ ಸಂಖ್ಯೆ ಏನು?
• ಪ್ರತಿ ಸಲ ಹೊಸ ಸೂಜಿಯೇ? ನನ್ನ ಎದುರಿಗೇ ಪೊಟ್ಟಣ ಒಡೆಯುತ್ತೀರಾ?
• ಎಷ್ಟು ಸಲ ಬರಬೇಕು, ಒಟ್ಟು ಖರ್ಚೆಷ್ಟು? ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸೋಣ?

ಆರು ಸಲ ಆದ ಮೇಲೂ ನೋವಿನಲ್ಲಿ, ನಿದ್ದೆಯಲ್ಲಿ, ಓಡಾಟದಲ್ಲಿ ಏನೂ ವ್ಯತ್ಯಾಸವಿಲ್ಲದಿದ್ದರೆ ಮುಂದುವರಿಸಬೇಕೇ ಎಂದು ಯೋಚಿಸಿ. ವಾರಕ್ಕೆರಡು ಸಲ ಡೊಂಬಿವಲಿಯಿಂದಲೋ ವಿರಾರ್‌ನಿಂದಲೋ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಬರುವುದೇ ಸೊಂಟಕ್ಕೆ ಹೊರೆಯಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಖ್ಯವಾಗಿ, 'ನನ್ನ ಹತ್ತಿರ ಬಂದ ಮೇಲೆ ಎಲ್ಲ ಮಾತ್ರೆ ನಿಲ್ಲಿಸಿ' ಎನ್ನುವವರ ಬಳಿ ಎರಡನೇ ಸಲ ಹೋಗಬೇಡಿ.

ಓಪಿಯಾಯ್ಡ್ ಕಡಿಮೆ ಮಾಡಬೇಕೆಂದಿದ್ದರೆ

ಅಕ್ಯುಪಂಕ್ಚರ್‌ನಿಂದ ನೋವು ಇಳಿದಿದ್ದರೆ ಒಳ್ಳೆಯದೇ. ಎರಡು ವಾರ ನೋವಿಗೆ 0ಯಿಂದ 10ರೊಳಗೆ ಅಂಕ ಕೊಟ್ಟು, ದಿನಕ್ಕೆ ನುಂಗಿದ ಮಾತ್ರೆಗಳ ಲೆಕ್ಕದ ಜೊತೆ ಒಂದು ವಹಿಯಲ್ಲಿ ಕನ್ನಡದಲ್ಲೇ ಬರೆದಿಡಿ. ಅಂಕಿಗಳನ್ನು ಓದಲು ವೈದ್ಯರಿಗೆ ಕನ್ನಡ ಬರಬೇಕಿಲ್ಲ. ಅದನ್ನು ನೋಡಿ ಅವರು ಹಂತಹಂತವಾಗಿ ಇಳಿಸುತ್ತಾರೆ.

ನೋವು ಹಿಡಿತಕ್ಕೆ ಬರದಿದ್ದರೆ ಉಪಶಾಮಕ ಆರೈಕೆ ವಿಭಾಗಕ್ಕೆ ಕಳಿಸುವಂತೆ ಕೇಳಿ. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ಬಾಂದ್ರಾದಲ್ಲಿ 1986ರಲ್ಲಿ ಆರಂಭವಾದ ಶಾಂತಿ ಅವೇದನಾ ಸದನ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ, ದೇಶದ ಮೊದಲ ಆರೈಕೆ ಮನೆ. ಊರಿಗೆ ಮರಳುವವರು ಟಿಕೆಟ್ ಮಾಡಿಸುವ ಮೊದಲೇ, ಮಾರ್ಫಿನ್ ಸಿಗುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳಿ, ಅಲ್ಲಿಗೆ ಪತ್ರ ಬರೆಸಿಕೊಳ್ಳಿ. ಊರಿನ ಸಾಮಾನ್ಯ ಮೆಡಿಕಲ್ ಅಂಗಡಿಯಲ್ಲಿ ಅದು ಸಿಗುತ್ತದೆಂದು ನಂಬಿ ಹೊರಡಬೇಡಿ.

ತಕ್ಷಣ ಆಸ್ಪತ್ರೆಗೆ ಹೋಗಿ, ಅಥವಾ 108ಕ್ಕೆ ಕರೆ ಮಾಡಿ:
• ಓಪಿಯಾಯ್ಡ್ ತೆಗೆದುಕೊಂಡವರು ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರ ನಿಧಾನವಾದರೆ, ತುಟಿ ನೀಲಿಗಟ್ಟಿದರೆ
• ಸೂಜಿ ಚಿಕಿತ್ಸೆಯ ನಂತರ ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ
• ಬೆನ್ನುನೋವಿನ ಜೊತೆ ಕಾಲುಗಳ ಬಲ ಕುಂದಿದರೆ, ಮಲ ಮೂತ್ರದ ಹಿಡಿತ ತಪ್ಪಿದರೆ

ಈ ಬರಹ ತಿಳಿವಳಿಕೆಗಾಗಿ. ನಿಮ್ಮ ಔಷಧದ ಪ್ರಮಾಣವನ್ನು ನಿಮ್ಮ ವೈದ್ಯರೊಂದಿಗೆ ಮಾತನಾಡಿಯೇ ಬದಲಿಸಿ. ಚೀಟಿಯ ಅಕ್ಷರ ಅರ್ಥವಾಗದಿದ್ದರೆ ಅಂಗಡಿಯ ಫಾರ್ಮಸಿಸ್ಟ್ ಹತ್ತಿರ ಎರಡು ಸಲ ಕೇಳಿ, ಹೊತ್ತು ಮತ್ತು ಪ್ರಮಾಣವನ್ನು ಕನ್ನಡದಲ್ಲಿ ನೀವೇ ಬರೆದುಕೊಳ್ಳಿ. ಕೇಳಿದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.