ಬಿಳೇಕಹಳ್ಳಿಯ ನೆಲ ಮತ್ತು ಅದನ್ನು ಆಳಿದ ಕಚೇರಿಗಳು

ಬೆಂಗಳೂರು ದಕ್ಷಿಣ ತಾಲ್ಲೂಕು, ಬೇಗೂರು ಹೋಬಳಿಗೆ ಸೇರಿದ ಬಿಳೇಕಹಳ್ಳಿ ಬನ್ನೇರುಘಟ್ಟ ರಸ್ತೆಯ ಪಕ್ಕದ ಒಂದು ಕೃಷಿ ಗ್ರಾಮವಾಗಿತ್ತು. ಅರ್ಧ ಶತಮಾನದೊಳಗೆ ಅದರ ಹೊಲಗಳು ಬಡಾವಣೆಗಳಾದವು, ಅಪಾರ್ಟ್‌ಮೆಂಟುಗಳಾದವು. ಯಾವ ಸರ್ವೆ ನಂಬರಿನಲ್ಲಿ ಮನೆ ಏಳಬೇಕು, ಎಲ್ಲಿ ಅಂಗಡಿ ಸಾಲು ಬರಬೇಕು, ಎಲ್ಲಿ ಪಾರ್ಕು ಉಳಿಯಬೇಕು ಎಂಬ ತೀರ್ಮಾನ ಈ ಅವಧಿಯಲ್ಲಿ ಒಮ್ಮೆಯೂ ಊರಿನವರು ಆರಿಸಿದ ಸಭೆಯ ಕೈಗೆ ಬರಲಿಲ್ಲ. ಪಂಚಾಯಿತಿ, ನಗರಸಭೆ, ಮಹಾನಗರ ಪಾಲಿಕೆ ಒಂದರ ಹಿಂದೊಂದು ಬಂದವು. ನಕ್ಷೆ ಬರೆಯುವ ಅಧಿಕಾರ ಮಾತ್ರ ಬೇರೆ ಕಚೇರಿಯಲ್ಲಿತ್ತು.

ಈ ವ್ಯವಸ್ಥೆಯ ಬೇರು ಮೈಸೂರು ಸಂಸ್ಥಾನದ ಕಾಲದ್ದು. 1945ರ ಕಾಯ್ದೆಯ ಪ್ರಕಾರ ಬೆಂಗಳೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಅಂದರೆ ಸಿಐಟಿಬಿ, ಬಂತು. ಜಮೀನು ಸ್ವಾಧೀನ ಮಾಡಿ ಬಡಾವಣೆ ರಚಿಸುವುದು ಮಂಡಳಿಯ ಕೆಲಸ. ಸಿದ್ಧವಾದ ಬಡಾವಣೆಯ ಬೀದಿ, ಚರಂಡಿ, ದೀಪಗಳನ್ನು ನೋಡಿಕೊಳ್ಳುವುದು ಪುರಸಭೆಯ ಕೆಲಸ. 1948ರಲ್ಲಿ ಉದ್ಘಾಟನೆಯಾದ ಜಯನಗರ ಹೀಗೆ ಹುಟ್ಟಿದ್ದು. ಮರುವರ್ಷ ನಗರ ಮತ್ತು ದಂಡು ಪ್ರದೇಶದ ಪುರಸಭೆಗಳು ಕೂಡಿ ಬೆಂಗಳೂರು ಕಾರ್ಪೊರೇಷನ್ ಆದಾಗಲೂ ಈ ಹಂಚಿಕೆ ಬದಲಾಗಲಿಲ್ಲ. ಊರು ಎತ್ತ ಬೆಳೆಯಬೇಕೆಂದು ಗೊತ್ತುಮಾಡುವವರು ಒಬ್ಬರು, ಬೆಳೆದದ್ದನ್ನು ಸಾಕುವವರು ಇನ್ನೊಬ್ಬರು ಎಂಬ ಪದ್ಧತಿ ಅಲ್ಲಿಂದಲೇ ಗಟ್ಟಿಯಾಯಿತು.

1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ ಭೂಬಳಕೆಗೆ ಕಾನೂನಿನ ಚೌಕಟ್ಟು ಹಾಕಿತು. ಬೆಂಗಳೂರಿನ ಮೊದಲ ರೂಪರೇಷಾ ಯೋಜನೆಗೆ 1972ರಲ್ಲಿ ಒಪ್ಪಿಗೆ ಸಿಕ್ಕಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಸ್ಥಾಪನೆಯಾದಾಗ ಸಿಐಟಿಬಿಯ ಬಡಾವಣೆ ಕೆಲಸವೂ ಯೋಜನಾ ಪ್ರಾಧಿಕಾರದ ಅಧಿಕಾರವೂ ಒಂದೇ ಸಂಸ್ಥೆಯಲ್ಲಿ ಸೇರಿದವು. ಬಿಡಿಎ ಅಧ್ಯಕ್ಷರನ್ನೂ ಆಯುಕ್ತರನ್ನೂ ನೇಮಿಸುವುದು ರಾಜ್ಯ ಸರ್ಕಾರ. ನಿವೇಶನ ಮಾರುವ ಸಂಸ್ಥೆಯೇ ಇಡೀ ನಗರದ ಭೂಬಳಕೆಯನ್ನೂ ನಿರ್ಧರಿಸುವುದು ಸರಿಯಾದ ಏರ್ಪಾಡಾಗಿರಲಿಲ್ಲ. ಆದರೂ ಅದು ನಾಲ್ಕು ದಶಕ ಮೀರಿ ನಡೆಯಿತು.

ಬಿಳೇಕಹಳ್ಳಿಗೆ ದೊಡ್ಡ ಬದಲಾವಣೆ ತಂದದ್ದು ಐಐಎಂ. 1973ರಲ್ಲಿ ಆರಂಭವಾದ ಸಂಸ್ಥೆಗೆ ರಾಜ್ಯ ಸರ್ಕಾರ ಇಲ್ಲಿ ಸುಮಾರು 100 ಎಕರೆ ಕೊಟ್ಟಿತು. ವಾಸ್ತುಶಿಲ್ಪಿ ಬಿ.ವಿ. ದೋಶಿ ವಿನ್ಯಾಸ ಮಾಡಿದ ಕಲ್ಲುಕಟ್ಟಡದ ಆವರಣಕ್ಕೆ ಅದು 1983ರಲ್ಲಿ ಬಂತು. ಮರುವರ್ಷ ಒಪ್ಪಿಗೆ ಪಡೆದ ಸಮಗ್ರ ಅಭಿವೃದ್ಧಿ ಯೋಜನೆ, ಜನರ ಬಾಯಲ್ಲಿ ಸಿಡಿಪಿ, ನಗರದ ಸುತ್ತ ಹಸಿರು ಪಟ್ಟಿಯನ್ನು ಗುರುತಿಸಿತು. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಬಣ್ಣ. ತನ್ನ ಹೊಲದ ಮೇಲೆ ಯಾವ ಬಣ್ಣ ಬಿದ್ದಿದೆ ಎಂಬುದನ್ನು ರೈತ ಬಿಡಿಎ ಕಚೇರಿಗೆ ಹೋಗಿ ಕೇಳಬೇಕಿತ್ತು.

ಜಮೀನಿನಲ್ಲಿ ಮನೆ ಕಟ್ಟಲು ಮೂರು ಬಾಗಿಲು ತಟ್ಟಬೇಕಿತ್ತು. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಭೂಪರಿವರ್ತನೆಗೆ ಜಿಲ್ಲಾಧಿಕಾರಿ, ಬಡಾವಣೆ ನಕ್ಷೆಗೆ ಬಿಡಿಎ, ಕಟ್ಟಡದ ಪರವಾನಗಿಗೆ ಸ್ಥಳೀಯ ಸಂಸ್ಥೆ. ಬಿಡಿಎ ಕಾಯ್ದೆಯಂತೆ ಬಡಾವಣೆ ಯೋಜನೆಯಲ್ಲಿ ಶೇ 15ರಷ್ಟು ಜಾಗ ಪಾರ್ಕು ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಮೀಸಲಾಗಬೇಕು. ಇಷ್ಟು ಬಿಟ್ಟುಕೊಡಲು ಒಪ್ಪದವರು ಮೊದಲೆರಡು ಬಾಗಿಲನ್ನು ತಟ್ಟದೆಯೇ ಮುಂದೆ ಹೋದರು. ನಗರದಂಚಿನ ಹಳ್ಳಿಗಳಲ್ಲೆಲ್ಲ ಎಕರೆಗಟ್ಟಲೆ ಹೊಲ 30-40 ಅಡಿಯ ಸೈಟುಗಳಾಗಿ ಒಡೆಯಿತು. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ, ಮೇಲೆ ಕೈ ಬದಲಾಯಿತು, ಪಂಚಾಯಿತಿಯ ಖಾತೆಯಲ್ಲಿ ಹೆಸರು ಏರಿತು. ಇವೇ ರೆವಿನ್ಯೂ ಸೈಟುಗಳು. ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿಗಳು, ಸೆಟ್‌ಬ್ಯಾಕ್ ಬಿಡದೆ ಗೋಡೆಗೆ ಗೋಡೆ ತಾಗಿಸಿ ಎದ್ದ ಮಹಡಿಗಳು ಆ ಕಾಲದ ಗುರುತು. ಉಳಿತಾಯವನ್ನೆಲ್ಲ ಸುರಿದು ಸೈಟು ಕೊಂಡ ಸಾಮಾನ್ಯ ಕುಟುಂಬವನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಕ್ರಮಬದ್ಧ ನಿವೇಶನ ಅವರ ಕೈಗೆಟುಕುವ ಬೆಲೆಯಲ್ಲಿ ಇರಲಿಲ್ಲ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಹೊಸ ದಾರಿ ತೋರಿತು. ಅದರ 12ನೇ ಅನುಸೂಚಿಯ ಮೊದಲ ವಿಷಯವೇ ನಗರ ಯೋಜನೆ. ಎರಡನೆಯದು ಭೂಬಳಕೆ ಮತ್ತು ಕಟ್ಟಡ ನಿಯಂತ್ರಣ. ಎರಡನ್ನೂ ಚುನಾಯಿತ ನಗರಾಡಳಿತಕ್ಕೆ ಒಪ್ಪಿಸಬಹುದೆಂದು ಅದು ಹೇಳಿತು. ಒಪ್ಪಿಸುವುದು ರಾಜ್ಯದ ವಿವೇಚನೆಗೆ ಬಿಟ್ಟ ಮಾತಾದ್ದರಿಂದ ಕರ್ನಾಟಕದಲ್ಲಿ ಯೋಜನೆ ಬಿಡಿಎಯಲ್ಲೇ ನಿಂತಿತು. ತೊಂಬತ್ತರ ದಶಕದ ನಡುವೆ ರಚನೆಯಾದ ಬೊಮ್ಮನಹಳ್ಳಿ ನಗರಸಭೆಗೆ ಬಿಳೇಕಹಳ್ಳಿ ಸೇರಿತು. ಆ ನಗರಸಭೆಗೆ ಸಿಕ್ಕಿದ್ದು ಪರವಾನಗಿ, ಖಾತೆ, ಕಂದಾಯ. 1995ರ ಪರಿಷ್ಕೃತ ಸಿಡಿಪಿ ಬಿಡಿಎಯದೇ ಆಗಿತ್ತು.

ಚುನಾಯಿತ ಸಭೆಗೆ ಇಲ್ಲದ ಕಾವಲನ್ನು ಕೆಲವೊಮ್ಮೆ ನಿವಾಸಿಗಳೇ ನ್ಯಾಯಾಲಯದ ಮೂಲಕ ನಡೆಸಿದರು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗ ಸರ್ಕಾರದ ಸೂಚನೆಯಂತೆ ಖಾಸಗಿ ನರ್ಸಿಂಗ್ ಹೋಮಿಗೆ ಹೋದಾಗ ಅಲ್ಲಿನವರು ದಾವೆ ಹೂಡಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಆ ಹಂಚಿಕೆಯನ್ನು ರದ್ದುಪಡಿಸಿದ ತೀರ್ಪನ್ನು ಎತ್ತಿಹಿಡಿದು, ಬಡಾವಣೆಯ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದಿತು. ದೇಶದ ಪಾರ್ಕು ರಕ್ಷಣೆಯ ವ್ಯಾಜ್ಯಗಳಲ್ಲಿ ಈಗಲೂ ಈ ತೀರ್ಪನ್ನು ಉಲ್ಲೇಖಿಸುತ್ತಾರೆ.

2007ರ ಜನವರಿಯಲ್ಲಿ ಬೊಮ್ಮನಹಳ್ಳಿಯೂ ಸೇರಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಹಳೆಯ ಮಹಾನಗರ ಪಾಲಿಕೆಯೊಂದಿಗೆ ಕೂಡಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ, ಆಯಿತು. 2015ರವರೆಗಿನ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್‌ಗೆ ಒಪ್ಪಿಗೆ ಸಿಕ್ಕಿದ್ದು ಅದೇ ವರ್ಷದ ಜೂನ್‌ನಲ್ಲಿ. ಆಗ ಪಾಲಿಕೆಯಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಬಿಳೇಕಹಳ್ಳಿ 188ನೇ ವಾರ್ಡ್ ಆಗಿ ತನ್ನ ಪ್ರತಿನಿಧಿಯನ್ನು ಆರಿಸುವ ಹೊತ್ತಿಗೆ ಅದರ ನೆಲದ ಬಣ್ಣಗಳೆಲ್ಲ ನಿಗದಿಯಾಗಿಹೋಗಿದ್ದವು. ನಿಯಮ ಮೀರಿದ ಆಸ್ತಿಗಳು ಬಿ ಖಾತೆಯಲ್ಲಿ, ಅಂದರೆ ತೆರಿಗೆಗಾಗಿ ಇಟ್ಟ ಪ್ರತ್ಯೇಕ ದಾಖಲೆಯಲ್ಲಿ, ಉಳಿದವು. ಅವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು.

ಸಂವಿಧಾನ ಹೇಳಿದ ಮಹಾನಗರ ಯೋಜನಾ ಸಮಿತಿಯಲ್ಲಿ ಮೂರನೇ ಎರಡು ಭಾಗದಷ್ಟು ಸದಸ್ಯರು ಸ್ಥಳೀಯ ಸಂಸ್ಥೆಗಳ ಚುನಾಯಿತರಿಂದ ಆರಿಸಿ ಬರಬೇಕು. ಬೆಂಗಳೂರಿನಲ್ಲಿ ಈ ಸಮಿತಿ ರಚನೆಯಾದದ್ದು ಇಪ್ಪತ್ತು ವರ್ಷ ತಡವಾಗಿ, 2014ರಲ್ಲಿ. 2031ರ ಮಾಸ್ಟರ್ ಪ್ಲ್ಯಾನ್ ಕರಡನ್ನು 2017ರಲ್ಲಿ ಪ್ರಕಟಿಸಿದ್ದು ಮತ್ತೆ ಬಿಡಿಎ. ಅದು ಅಂತಿಮವಾಗದೆ ಹಿಂದಕ್ಕೆ ಹೋಯಿತು. 2015ರ ನಕ್ಷೆಯೇ ಅವಧಿ ಮುಗಿದ ಮೇಲೂ ಚಾಲ್ತಿಯಲ್ಲಿ ಉಳಿಯಿತು.

ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಯಾಯಿತು. ನಗರ ಯೋಜನೆಯ ಅಧಿಕಾರವನ್ನು ಅದು ಬಿಡಿಎಯಿಂದ ತೆಗೆದು ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ವಹಿಸಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆಯಿತು. ಬಿಳೇಕಹಳ್ಳಿ ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ ಸೇರಿತು. ಆ ಪಾಲಿಕೆ ಚುನಾಯಿತ ಸದಸ್ಯರಿಲ್ಲದೆ ಕೆಲಸ ಆರಂಭಿಸಿತು.